ಯಾರಿಗೂ ಕೊಡಲಾಗದ ಉಡುಗೊರೆ

"ಭುಜ ಬದಲಿ ಮಾಡ್ರಿ, ಬೇಗ!" ಎಂದು ಸೋದರಮಾವ ಹಿಂದಿನಿಂದ ಕೂಗಿದ. ಅಜೀಮುದ್ದೀನ್ ಎಡದಿಂದ ಬಲಕ್ಕೆ ಸರಿಯುವಷ್ಟರಲ್ಲಿ ಜನಾಜಾ ಒಂದು ಮಗ್ಗುಲಿಗೆ ವಾಲಿತು. ಒಳಗೆ ಅಪ್ಪನ ದೇಹ ಅಲುಗಿದ್ದು ಅವನ ಹೆಗಲಿಗೆ ತಿಳಿಯಿತು.

ಹೊರುವವರೇ ಕಡಿಮೆ. ಕಲ್ಯಾಣದ ಆ ಓಣಿಯಲ್ಲಿ ಹೆಣ ಹೊರಟರೆ ಅಂಗಡಿಯವರು ತಕ್ಕಡಿ ಕೆಳಗಿಟ್ಟು ಬಂದು ನಾಲ್ಕು ಹೆಜ್ಜೆ ಹೆಗಲು ಕೊಡುವುದು ವಾಡಿಕೆ. ಇವತ್ತು ಮಸೀದಿಯಲ್ಲಿ ನಮಾಜು ಮುಗಿಸಿ ಹೊರಬಂದಾಗಿನಿಂದ ಕಂಡದ್ದು ಮುಚ್ಚಿದ ಬಾಗಿಲುಗಳೇ. ಆ ಬಾಗಿಲುಗಳ ಹಿಂದೆ ಜನ ಉಸಿರು ಹಿಡಿದು ನಿಂತಿರುವುದು ಮಾತ್ರ ಗೊತ್ತಾಗುತ್ತಿತ್ತು. ನಿಜಾಮನ ರಾಜ್ಯ ಬಿದ್ದು ಎರಡು ತಿಂಗಳಾಗಿತ್ತು. ಅವನ ಪರ ಹೊಡೆದಾಡುತ್ತಿದ್ದ ರಜಾಕಾರರು ಓಡಿಹೋದರು, ಭಾರತದ ಸೈನ್ಯ ಬಂತು. ಅವೆರಡರ ನಡುವಿನ ದಿನಗಳಲ್ಲಿ ಏನೇನು ನಡೆಯಿತೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆ ಮನೆಯಲ್ಲಿ ಇವರಿಲ್ಲ, ಈ ಮನೆಯಲ್ಲಿ ಅವರಿಲ್ಲ, ಅಷ್ಟೆ.

ಒಂದೇ ಒಂದು ಬಾಗಿಲು ಅರೆ ತೆರೆಯಿತು. ಧೂಳಮ್ಮ ಹೊಸ್ತಿಲ ಮೇಲೆ ಬಂದು ಎದೆ ಬಡಿದುಕೊಂಡಳು. "ಹೋದೇನೋ ಪಿಂಜಾರ ಮುತ್ಯಾ! ನಮ್ಮ ಗಾದಿ ಅರ್ಧಾ ಹಿಂಜಿ ಬಿಟ್ಟು ಹೋದೆಲ್ಲೋ! ಒಂದು ಮಾತ ಹೇಳಿ ಹೋಗಬಾರದಾಗಿತ್ತೇನೋ!"

ತಲೆಯ ಮೇಲೆ ಶಾಲು ಹೊದ್ದ ಮಗಳು ಅವಳ ರಟ್ಟೆ ಹಿಡಿದು ಜಗ್ಗಿದಳು. "ಒಳಗ ಬಾ ಯವ್ವಾ, ಯಾರರೆ ನೋಡ್ಯಾರು." ಬಾಗಿಲು ಮುಚ್ಚಿತು.

ಅಜೀಮುದ್ದೀನನ ಬಳೆಯಂಗಡಿ ಹುಮನಾಬಾದಿನ ಮಗ್ಗುಲಿನ ಮಾಣಿಕನಗರದಲ್ಲಿ. ಗದ್ದಲ ಎದ್ದ ಮೇಲೆ ಅವನು ಕಲ್ಯಾಣದ ದಾರಿ ಹಿಡಿದಿರಲಿಲ್ಲ. ಅಪ್ಪ ಮೊಹಿನುದ್ದೀನ್ ಜ್ವರದಲ್ಲಿ ಹೋದನೆಂಬ ಸುದ್ದಿ ತಿಳಿದು ಇವತ್ತೇ ಬಂದದ್ದು.

ಅವನ ಪಕ್ಕದಲ್ಲಿ ಹೆಗಲು ಕೊಟ್ಟವನು ಅಪ್ಪನ ನೆರೆಮನೆಯ ಗೌಂಡಿ ಲಾಲಪ್ಪ. ಹೊರಟಾಗಿನಿಂದ ಅವನು ಹೆಗಲು ಬದಲಿಸಿರಲಿಲ್ಲ.

"ಲಾಲಪ್ಪಣ್ಣ, ಗೋರಿ ಹಸನ ಮಾಡಿಸೀರೇನು? ಒಳಗಿನ ಜೋಳ ತಗದಾರಾ?" ಎಂದು ಅಜೀಮುದ್ದೀನ್ ಕೇಳಿದ.

ಲಾಲಪ್ಪ ಮುಂದಿನ ದಾರಿ ನೋಡುತ್ತಲೇ, "ಅಲ್ಲಿ ಹೋಗಿ ಮಾತಾಡೋಣು. ನಡಿ ತಮ್ಮಾ," ಎಂದ.

*

ಮೊಹಿನುದ್ದೀನ್ ಹುಟ್ಟಿದ್ದು ಶಬೇಬರಾತಿನಂದು, ತೀರಿಹೋದವರ ಗೋರಿಗಳಿಗೆ ದೀಪ ಇಡುವ ದಿನ. ಹಾಗಾಗಿ ಆ ಮನೆಯಲ್ಲಿ ಹುಟ್ಟಿದ ದಿನ ನೆನಪಿದ್ದದ್ದು ಅವನೊಬ್ಬನದೇ. ಮಗ ಪ್ರತಿವರ್ಷ ಏನಾದರೊಂದು ಒಯ್ಯುತ್ತಿದ್ದ. ಮುದುಕ ಎರಡೂ ಕೈಯಲ್ಲಿ ಇಸಕೊಂಡು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಮುಂದಿನ ಸಲ ಹೋಗುವಷ್ಟರಲ್ಲಿ ಅದು ಇನ್ನೊಬ್ಬರ ಮನೆ ಸೇರಿರುತ್ತಿತ್ತು. ಬೀದರದಿಂದ ತಂದ ಶಾಲು ಧೂಳಮ್ಮನ ಬಾಣಂತಿ ಮಗಳಿಗೆ. ತಾಮ್ರದ ಚರಿಗೆ ಮಸೀದಿಗೆ. ಅರಳೆ ಹಿಂಜಿ ಊರವರ ಗಾದಿ ತುಂಬಿ ಬದುಕಿದ ಪಿಂಜಾರ ತಾನು ಮಲಗುತ್ತಿದ್ದದ್ದು ಚಾಪೆಯ ಮೇಲೆ.

"ಏನು ಬೇಕು ಹೇಳು ಅಬ್ಬಾ," ಎಂದರೆ, "ಎಲ್ಲಾ ಅದಲ್ಲೋ," ಎಂದು ಖಾಲಿ ಮನೆಯ ಸುತ್ತ ಕೈ ತೋರಿಸುತ್ತಿದ್ದ.

ಈ ವರ್ಷದ ಶಬೇಬರಾತಿಗೆ ಅಜೀಮುದ್ದೀನ್ ಹೆಂಡತಿಗೆ ಹೇಳಿದ: "ಈ ಸಲ ಯಾರಿಗೂ ಕೊಡಾಕ ಆಗದಂಥಾದ್ದು ಕೊಡ್ತೀನಿ. ಅಬ್ಬಾಗ ಗೋರಿ ಕಟ್ಟಸ್ತೀನಿ."

ಕರೀಮಾ ರೊಟ್ಟಿ ತಟ್ಟುವ ಕೈ ನಿಲ್ಲಿಸಿದಳು. "ತೋಬಾ ತೋಬಾ! ಹುಟ್ಟಿದ ದಿನಕ್ಕ ಗೋರಿ ಕೊಡ್ತಾರೇನ್ರಿ? ನನ್ನ ಹುಟ್ಟಿದ ದಿನ ಗೊತ್ತಿಲ್ಲದ್ದು ಚಲೋನೇ ಆತು!"

"ಹಿಂದಿನ ದೊಡ್ಡವರು ಬದುಕಿದ್ದಾಗಲೇ ತಯಾರ ಇಟ್ಕೋತಿದ್ರು. ಅವಂಗ ಖುಷಿ ಆಗ್ತದ ನೋಡು."

ಖುಷಿಯೇ ಆಯಿತು. ಲಾಲಪ್ಪ ಕೆಂಪು ಕಲ್ಲಿನಿಂದ ಒಳಗೋಡೆ ಕಟ್ಟಿದ. ತೋಡಿದ ಗೋರಿಯನ್ನು ಖಾಲಿ ಬಿಟ್ಟರೆ ಅದು ಮನೆಯವರನ್ನು ಕರೆಯುತ್ತದೆಂದು ಹಿರಿಯರ ನಂಬಿಕೆ. ಅದಕ್ಕೆ ಒಳಗೆ ಜೋಳ ತುಂಬಿ ಚಪ್ಪಡಿ ಮುಚ್ಚುತ್ತಾರೆ. ಗುರುವಾರಕ್ಕೊಮ್ಮೆ ಬೊಗಸೆ ಬೊಗಸೆ ತೆಗೆದು ಬಡವರಿಗೆ ಹಂಚಿ ಮತ್ತೆ ತುಂಬುತ್ತಾರೆ. ಮುದುಕ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ಜೋಳದಲ್ಲಿ ಪಾದ ಹುದುಗಿಸಿ, ಕೂಸಿನಂತೆ ನಕ್ಕಿದ್ದ.

"ಇದನ್ನ ಹ್ಯಾಂಗ ಕೊಡ್ತಿ ನೋಡ್ತೀನಿ," ಎಂದಿದ್ದ ಮಗ.

*

ಖಬರಸ್ಥಾನದ ಬಾಗಿಲಲ್ಲಿ ಗೋರಿ ತೋಡುವ ಮಹೆಬೂಬ ಅಡ್ಡ ನಿಂತಿದ್ದ. ಅವನ ಹಿಂದೆ, ಅಪ್ಪನ ಗೋರಿ ಇದ್ದ ಜಾಗದಲ್ಲಿ, ಮಣ್ಣು ಏರಿಸಿದ ದಿಬ್ಬ. ಅದರ ಮೇಲೆ ಆಗಲೇ ಹುಲ್ಲು ಮೊಳೆತಿತ್ತು.

ಜನಾಜಾ ಕೆಳಗಿಳಿಸಿದರು.

"ಇದರಾಗ ಯಾರದಾರ?" ಎಂದ ಅಜೀಮುದ್ದೀನ್.

ಮಹೆಬೂಬ ಲಾಲಪ್ಪನ ಕಡೆ ನೋಡಿದ.

"ಗದ್ದಲದ ದಿನದಾಗ ಕೆರಿ ಏರಿ ಮ್ಯಾಲೆ ಒಂದು ಹೆಣ ಬಿದ್ದಿತ್ತು," ಎಂದ ಲಾಲಪ್ಪ. "ಯಾರೂ ಎತ್ತಲಿಲ್ಲ. ಎತ್ತಿದಂವ ಯಾರ ಕಡಿಯಾಂವ ಅಂತ ಕೇಳೋ ಕಾಲ. ನಾಯಿ ಬರಾಕತ್ತಿದ್ದವು. ನಿಮ್ಮಪ್ಪ ಬಂದು ನನ್ನ ಬಾಗಿಲಾ ಬಡದ."

"ನಮ್ಮ ಕಡಿಯಾಂವನೋ, ನಿಮ್ಮ ಕಡಿಯಾಂವನೋ?" ಎಂದ ಅಜೀಮುದ್ದೀನ್.

"ನಾನೂ ಅದನ್ನ ಕೇಳಿದೆ. ಮಾರಿ ಗುರ್ತ ಹತ್ತಂಗಿರಲಿಲ್ಲ. ಬ್ಯಾರೆ ಗುರ್ತ ನೋಡಾಕ ಚಾಚಾ ಬಿಡಲಿಲ್ಲ, ಚಾದರ ಹೊಚ್ಚಿಬಿಟ್ಟ. 'ಲಾಲಪ್ಪ, ನೀ ಕಾಲ ಕಡಿ ಹಿಡಿ' ಅಂದ. ಹಿಡದೆ."

"ಜೋಳ?"

"ಚಾಚಾ ಅವತ್ತ ಮುಂಜಾನಿನೇ ಹಂಚ್ಯಾನ್ರಿ," ಎಂದ ಮಹೆಬೂಬ. "ಬಾಗಿಲಾ ಹಾಕ್ಕೊಂಡು ಉಪಾಸ ಕುಂತವರ ಮನಿಮನಿಗಿ. ನಾನೂ ಒಯ್ದೇನ್ರಿ. 'ಗೋರಿ ಖಾಲಿ ಆತಲ್ಲ ಚಾಚಾ' ಅಂದೆ. 'ಸಂಜಿ ಆಗೂದ್ರಾಗ ತುಂಬ್ತದ, ಸುಮ್ನಿರು' ಅಂದ."

ದುಬಲಗುಂಡಿಯಿಂದ ಬಂದಿದ್ದ ಸೋದರಮಾವ ಮತ್ತೆ ಮತ್ತೆ ರಸ್ತೆಯ ಕಡೆ ತಿರುಗಿ ನೋಡುತ್ತಿದ್ದ. "ಕತಿ ಸಾಕು. ಅಗದು ತಗೀರಿ ಅದನ್ನ, ಅತ್ಲಾಗ ಎಲ್ಲರೆ ಹುಗೀರಿ. ಮಗ ಕಟ್ಟಿಸಿದ ಗೋರಿ ಯಾವನೋ ದಿಕ್ಕಿಲ್ಲದವಗ ಬಿಟ್ಟು ನಮ್ಮ ಅಕ್ಕನ ಗಂಡನ್ನ ಬಯಲಾಗ ಹಾಕ್ತೀರೇನು? ಹೊತ್ತು ಮುಣುಗೂದ್ರಾಗ ಮನಿ ಸೇರಬೇಕು. ಮುಣುಗಿದ ಮ್ಯಾಲೆ ಮಿಲ್ಟ್ರಿ ಲಾರಿಯವರು ದಾರ್ಯಾಗ ನಿಂದರಿಸಿ ಹೆಸರು ಕೇಳ್ತಾರ."

ಅಜೀಮುದ್ದೀನ್ ಮಹೆಬೂಬನ ಕೈಯಿಂದ ಗುದ್ದಲಿ ಕಿತ್ತುಕೊಂಡು ದಿಬ್ಬವೇರಿದ. ಅದರಡಿಯ ಒಂದೊಂದು ಕಲ್ಲನ್ನೂ ಅವನೇ ನಿಂತು ಆರಿಸಿದ್ದ. ಕೊಟ್ಟದ್ದನ್ನೆಲ್ಲ ವರ್ಷವರ್ಷವೂ ಬೇರೆಯವರ ಹತ್ತಿರ ನೋಡಿದ್ದ, ಒಮ್ಮೆಯೂ ವಾಪಸು ಕೇಳಿರಲಿಲ್ಲ. ಆದರೆ ಇದು? ಗುದ್ದಲಿ ಮೇಲೆತ್ತಿದ.

"ಅಬ್ಬಾ ತನಗ ಎಲ್ಲಿ ಅಂತ ಹೇಳಿದ್ನಾ?" ಎಂದು ಎತ್ತಿದ ಗುದ್ದಲಿ ಇಳಿಸದೆ ಕೇಳಿದ.

"ನಾ ಕೇಳಿದ್ನಿರಿ, ನಿಮಗ ಇನ್ನೊಂದು ಅಗೀಲೇನು ಅಂತ," ಎಂದ ಮಹೆಬೂಬ. "ಬ್ಯಾಡ ಅಂದ. 'ನನಗ ಬೇಕಾದಾಗ ಅಜೀಮ್ ಬರ್ತಾನ, ಅಂವ ಕೊಡ್ತಾನ' ಅಂದ."

ಅಪ್ಪ ಬೇಡಿದ್ದು ಅದೊಂದೇ.

ಅಜೀಮುದ್ದೀನ್ ದಿಬ್ಬದಿಂದ ಇಳಿದು ಮಗ್ಗುಲಿನ ಬರಿನೆಲಕ್ಕೆ ಗುದ್ದಲಿ ಹಾಕಿದ. ಕೆಂಪು ಮೊರಮಿನ ನೆಲ, ಕಬ್ಬಿಣ ಪುಟಿದು ಹಿಂದಕ್ಕೆ ಬಂತು.

"ತಲಿ ಕೆಟ್ಟದೇನಲೇ ನಿಂದು?" ಎಂದ ಸೋದರಮಾವ. ಲಾಲಪ್ಪ ಅಂಗಿ ಕಳಚಿಟ್ಟು ಹಾರೆ ಹಿಡಿದ. ಮಹೆಬೂಬನೂ ಸೇರಿ ಮೂವರೂ ಸರದಿಯ ಮೇಲೆ ಅಗೆದರು. ಉಳಿದವರು ಜನಾಜಾದ ಸುತ್ತ ನಿಂತು ಒಮ್ಮೆ ಕುಣಿಯನ್ನು, ಒಮ್ಮೆ ರಸ್ತೆಯನ್ನು ನೋಡುತ್ತಿದ್ದರು. ಸೂರ್ಯ ಇಳಿದು ಊರ ಕೋಟೆಯ ಗೋಡೆಗೆ ತಾಗಿದ.

ಕುಣಿ ಎದೆಮಟ್ಟ ಇಳಿದಾಗ ಲಾಲಪ್ಪ ಮೇಲೆ ಹತ್ತಿಕೊಂಡ. ಮಹೆಬೂಬ ಅಂಚಿನಿಂದ ಬಗ್ಗಿ, "ಅಳತಿ ಕೋಲು ಮನ್ಯಾಗ ಉಳೀತ್ರಿ. ಚಾಚಾನೂ ನೀವೂ ಒಂದೇ ಎತ್ತರ. ಒಮ್ಮಿ ಮಲಗಿ ನೋಡ್ರಿ, ಕಾಲಿಗಿ ಸಾಲ್ತದೇನು," ಎಂದ.

ಅಜೀಮುದ್ದೀನ್ ಮಲಗಿದ. ಮೊರಮು ಬೆನ್ನಿಗೆ ತಣ್ಣಗಿತ್ತು. ಗೋಡೆಯ ಆಚೆ, ಕೈಯಳತೆಯಲ್ಲಿ, ಆ ಇನ್ನೊಬ್ಬ. ಮೇಲೆ ಒಂದು ತುಂಡು ಆಕಾಶ, ಅದರ ಸುತ್ತ ಬಗ್ಗಿದ ತಲೆಗಳು.

"ಸಾಲ್ತದ," ಎಂದ.

ಆಗ ರಸ್ತೆಯಲ್ಲಿ ಲಾರಿ ಬಂದು ನಿಂತ ಸದ್ದಾಯಿತು. ತಲೆಗಳೆಲ್ಲ ಒಮ್ಮೆಗೇ ಅತ್ತ ತಿರುಗಿದವು. ಯಾರೋ ಏನೋ ಕೂಗಿ ಕೇಳಿದರು. ಕುಣಿಯ ತಳಕ್ಕೆ ಮಾತು ತಿಳಿಯಲಿಲ್ಲ. ಮೊದಲು ಸೋದರಮಾವನ ತಲೆ ಮರೆಯಾಯಿತು. ಆಮೇಲೆ ಮತ್ತೊಂದು. ಆಮೇಲೆ ಮಹೆಬೂಬನದು. ಓಡುವ ಕಾಲುಗಳ ಸದ್ದು ನೆಲದೊಳಗಿಂದ ಬೆನ್ನಿಗೆ ಮುಟ್ಟಿ, ದೂರವಾಯಿತು.

ಅಂಚಿನಲ್ಲಿ ಉಳಿದದ್ದು ಲಾಲಪ್ಪನ ಬಿರುಕುಬಿಟ್ಟ ಹಿಮ್ಮಡಿಗಳು. ಕುಣಿಗೆ ಬೆನ್ನುಮಾಡಿ ಅವನು ರಸ್ತೆಯ ಕಡೆಗೆ ನಿಂತಿದ್ದ. ಒಣಹುಲ್ಲಿನ ಮೇಲೆ ಬೂಟುಗಳು ಹತ್ತಿರ ಬಂದವು. ಹಿಮ್ಮಡಿಗಳು ಕದಲಲಿಲ್ಲ, ಅವುಗಳ ಕೆಳಗಿನ ಸಡಿಲ ಮಣ್ಣು ಮಾತ್ರ ಚೂರುಚೂರೇ ಜಾರಿ ಅಜೀಮುದ್ದೀನನ ಎದೆಯ ಮೇಲೆ ಬೀಳುತ್ತಿತ್ತು.