ಕೆರೆ ಇಲ್ಲದ ಆಟ

ಶಿಶುವಿಹಾರದ ಬೀಳ್ಕೊಡುಗೆಗೆ ಆಟ ಗೊತ್ತುಮಾಡುವ ಕೆಲಸ ಬಂದಾಗ, ನಾನು ಬಾಯಿ ಬಿಚ್ಚಬೇಕಾಗಿಲ್ಲದ ಆಟಗಳನ್ನೇ ಹುಡುಕಿಟ್ಟಿದ್ದೆ. ಹಾರ್ಮೋನಿಯಂ ನಿಂತ ಕೂಡಲೇ ಕುರ್ಚಿ ಹಿಡಿಯುವುದು, ಬೆನ್ನ ಹಿಂದೆ ಟೋಪಿ ಇಟ್ಟು ಓಡುವುದು, ಕಣ್ಣು ಕಟ್ಟಿಸಿಕೊಂಡು ಆನೆಗೆ ಬಾಲ ಬರೆಯುವುದು. ಎಲ್ಲವನ್ನೂ ಮಕ್ಕಳೇ ನಡೆಸಿಕೊಳ್ಳುತ್ತವೆ. ನಾನು ಕಂಬಕ್ಕೆ ಒರಗಿ ನಿಂತರೆ ಸಾಕು. ಶಿಶುವಿಹಾರ ನಡೆಸುವ ಹೊಸನಗರದ ನಮ್ಮ ಮಹಿಳಾ ಸಮಾಜದ ಅಧ್ಯಕ್ಷೆ ಶಾಂತಮ್ಮನವರು ಎಲ್ಲವನ್ನೂ ಕೇಳಿ ಕನ್ನಡಕ ಮೇಲೇರಿಸಿದರು.

“ಕೆರೆ-ದಡ ಎಲ್ಲಿ, ವೇದಾವತಿ?”

“ಅದಕ್ಕೆ ಕೂಗ್ಬೇಕಾಗುತ್ತಲ್ಲ ಅಮ್ಮ.”

“ಕೂಗಿ. ಬಿ.ಎ. ಮಾಡಿದೋರಿಗೆ ಕೆರೆ, ದಡ ಅನ್ನೋ ಎರಡು ಮಾತು ಬರಲ್ವಾ? ಒಂದನೇ ಕ್ಲಾಸಿಗೆ ಮಕ್ಕಳನ್ನ ನೋಡೋಕೆ ಸ್ಕೂಲ್ ಹೆಡ್‌ಮಾಸ್ಟರು ಬರ್ತಾರೆ. ಹೇಳಿದ ಮಾತು ಕೇಳೋ ಮಕ್ಕಳು ಅಂತ ಅವ್ರಿಗೆ ಕಾಣ್ಬೇಕು. ಆ ನಿಮ್ಮ ದುರ್ಗಿ ವಿಷ್ಯಾನೂ ಅವತ್ತೇ ತೀರ್ಮಾನ ಆಗ್ಲಿ.”

ದುರ್ಗಿ ಮುಳುಗಡೆಯವರ ಮಗು. ಹಿಂದಿನ ಮಳೆಗಾಲದಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ಅವರ ಊರಿನ ಮೇಲೆ ನಿಂತಿತ್ತು. ಅಪ್ಪ ಕನ್ನಪ್ಪ ಮನೆಯವರನ್ನು ಕರೆದುಕೊಂಡು ಇಲ್ಲಿಗೆ ಬಂದು, ಸಂತೆಮಾಳದ ಆಚೆ ತಡಿಕೆಯ ಗುಡಿಸಲು ಕಟ್ಟಿಕೊಂಡು ರಸ್ತೆ ಕೆಲಸಕ್ಕೆ ಹೋಗುತ್ತಿದ್ದ. ದುರ್ಗಿ ನಮ್ಮಲ್ಲಿಗೆ ಬಂದ ದಿನದಿಂದ ಒಂದು ಮಾತೂ ಆಡಿರಲಿಲ್ಲ. ಕೇಳಿಸುತ್ತಿತ್ತು, ತಿಳಿಯುತ್ತಿತ್ತು. ಸ್ಲೇಟು ತಾ ಎಂದರೆ ತರುತ್ತಿದ್ದಳು. ಹೆಸರು ಕೇಳಿದರೆ ಮಾತ್ರ ಲಂಗದ ಅಂಚನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಅವಳ ಅಜ್ಜಿ ಗುತ್ಯಮ್ಮ ದಿನವೂ ಕರೆದುಕೊಂಡು ಹೋಗಲು ಬರುತ್ತಿದ್ದಳು. ಬೀಳ್ಕೊಡುಗೆಯ ಹಿಂದಿನ ದಿನ ಬೇಲಿಯ ಬಳಿ ನನ್ನನ್ನು ನಿಲ್ಲಿಸಿದಳು.

“ಅಕ್ಕೋರೇ, ಮೇಷ್ಟ್ರು ಇವ್ಳನ್ನ ಒಂದ್ನೇ ಕ್ಲಾಸಿಗೆ ತಗಳ್ತಾರಾ?”

“ನೋಡ್ಬೇಕು ಗುತ್ಯಮ್ಮ.”

“ಈ ಸಲ ತಗಳ್ಲಿಲ್ಲ ಅಂದ್ರೆ ಮುಗೀತು. ಮನೇಲಿ ಕೂಸು ಇದೆ. ಅವ್ಳ ಅಮ್ಮನೂ ಕೆಲಸಕ್ಕೆ ಹೋಗ್ತಾಳೆ. ಕೂಸು ಎತ್ಕಂಡು ಕೂತ ಹೆಣ್ಣು ಮತ್ತೆ ಸ್ಕೂಲ್ ಕಡೆ ಮುಖ ಹಾಕಿದ್ದು ನಾನಂತೂ ಕಂಡಿಲ್ಲ.”

ನಾನು ತಲೆಯಾಡಿಸಿದೆ. ಧೈರ್ಯ ಹೇಳಬೇಕಿತ್ತು. ಬೇಲಿಯ ಬಾಗಿಲು ಹಾಕಿಕೊಂಡು ಒಳಗೆ ಬಂದೆ.

ಮರುದಿನ ಸಂಜೆ ಅಂಗಳಕ್ಕೆ ನೀರು ಚಿಮುಕಿಸಿ ಕುರ್ಚಿ ಹಾಕಿಸಿದೆವು. ಹೆಡ್‌ಮಾಸ್ಟರ್ ಗಣೇಶಮೂರ್ತಿಯವರು ನಡುವಿನ ಕುರ್ಚಿಯಲ್ಲಿ ಕುಳಿತರು. ಅವರದು ತರಗತಿಯಿಂದ ತರಗತಿಗೆ ಕೇಳಿಸುವ ಕಂಠ. ಪಾನಕದ ಲೋಟ ಹಿಡಿದುಕೊಂಡೇ, “ಆ ಮೂಕ ಹುಡುಗಿ ಯಾವುದು?” ಎಂದು ಎಲ್ಲರಿಗೂ ಕೇಳಿಸುವಂತೆ ಕೇಳಿದರು. ಬೇಲಿಯಾಚೆ ನಿಂತಿದ್ದ ಗುತ್ಯಮ್ಮ ಸೆರಗು ಎಳೆದುಕೊಂಡಳು.

“ಮೂಕಿ ಅಲ್ಲ ಸಾರ್,” ಎಂದೆ. ಯಾರಿಗೂ ಕೇಳಿಸಲಿಲ್ಲ.

ಕುರ್ಚಿ ಆಟದಲ್ಲಿ ದುರ್ಗಿ ಮೊದಲ ಸುತ್ತಿಗೇ ಹೊರಗಾದಳು. ಎಲ್ಲರೂ ಕುಳಿತ ಮೇಲೂ ಸುಮ್ಮನೆ ನಿಂತಿದ್ದಳು. ಟೋಪಿಯನ್ನು ಅವಳ ಹಿಂದೆ ಇಟ್ಟಾಗ ತಿರುಗಿಯೂ ನೋಡಲಿಲ್ಲ. ಹೆಡ್‌ಮಾಸ್ಟರು ಶಾಂತಮ್ಮನವರ ಕಡೆ ಬಾಗಿದರು.

“ಬುದ್ಧಿ ಇನ್ನೂ ಬಲಿತಿಲ್ಲ ತಾಯಿ. ಇಂಥದ್ದನ್ನ ಐವತ್ತು ಮಕ್ಕಳ ಮಧ್ಯೆ ಕೂರಿಸ್ಕೊಂಡು ನಾನೇನು ಮಾಡ್ಲಿ?”

“ಇನ್ನೊಂದು ಆಟ ಇದೆ, ನೋಡಿ,” ಎಂದರು ಶಾಂತಮ್ಮ. ನನ್ನತ್ತ ತಿರುಗಿ, “ಗಟ್ಟಿಯಾಗಿ ಕೂಗಿ,” ಎಂದರು.

ಸುಣ್ಣದ ನೀರಿನಲ್ಲಿ ಅಂಗಳದ ಅಡ್ಡಕ್ಕೆ ಗೆರೆ ಎಳೆದೆ. ಮಕ್ಕಳನ್ನು ಗೆರೆಯ ಈಚೆ ಸಾಲಾಗಿ ನಿಲ್ಲಿಸಿ, ಇದು ದಡ, ಗೆರೆಯಾಚೆ ಕುರ್ಚಿಗಳಿರುವುದು ಕೆರೆ ಎಂದೆ. ಕೆರೆ ಅಂದರೆ ಆಚೆ ಹಾರಬೇಕು, ದಡ ಅಂದರೆ ಈಚೆ. ತಪ್ಪಿದವರು ಔಟ್. ಎಲ್ಲರಿಗೂ ಗೊತ್ತಿದ್ದ ಆಟವೇ. ದುರ್ಗಿ ನನ್ನ ಕೈಯಲ್ಲಿದ್ದ ಸುಣ್ಣದ ಕರಟವನ್ನೇ ನೋಡುತ್ತಿದ್ದಳು.

“ಕೆರೆ,” ಎಂದೆ.

ಮಕ್ಕಳೆಲ್ಲ ಹಾರಿದರು. ದುರ್ಗಿ ಹಾರಲಿಲ್ಲ. ಒಂದು ಗಳಿಗೆ ಗೆರೆಯನ್ನು ನೋಡಿದಳು. ಆಮೇಲೆ ಕೈ ಚಾಚಿ, ಪಕ್ಕದಿಂದ ಹಾರಿದ್ದ ಅನ್ನಪೂರ್ಣೆಯ ಜಡೆ ಹಿಡಿದು ಈಚೆಗೆ ಎಳೆದಳು. ಅನ್ನಪೂರ್ಣೆ ಮಂಡಿಯೂರಿ ಬಿದ್ದಳು. ದುರ್ಗಿ ಅವಳನ್ನು ರಟ್ಟೆ ಹಿಡಿದು ದರದರ ದಡಕ್ಕೆ ತಂದು, ಇನ್ನೊಬ್ಬನ ಅಂಗಿಗೆ ಕೈ ಹಾಕಿದಳು. ಅವನು ತಪ್ಪಿಸಿಕೊಂಡು ಓಡಿದಾಗ ಗೆರೆಯ ಮೇಲೆ ಬೋರಲು ಮಲಗಿ, ಹೆಡ್‌ಮಾಸ್ಟರ ಕುರ್ಚಿಯ ಕಾಲನ್ನು ಎರಡೂ ಕೈಯಿಂದ ಹಿಡಿದು ಜಗ್ಗತೊಡಗಿದಳು. ಲೋಟ ವಾಲಿ ಪಾನಕವೆಲ್ಲ ಅವರ ಪಂಚೆಯ ಮೇಲೆ ಚೆಲ್ಲಿತು.

ಅನ್ನಪೂರ್ಣೆ ಶಾಂತಮ್ಮನವರ ಮೊಮ್ಮಗಳು. ಅವಳ ಅಳು ಬೀದಿಗೆ ಕೇಳಿಸುವಂತಿತ್ತು.

“ಸಾಕು ವೇದಾವತಿ, ಅದನ್ನ ಹೊರಗೆ ಕಳ್ಸಿ,” ಎಂದರು ಶಾಂತಮ್ಮ.

ನಾನು ದುರ್ಗಿಯನ್ನು ಎತ್ತಿಕೊಂಡು ಬೇಲಿಯ ಬಳಿ ಹೋದೆ. ಅವಳ ಮೈಯೆಲ್ಲ ಬಿಗಿದುಕೊಂಡಿತ್ತು. ಗುತ್ಯಮ್ಮ ಮಗುವನ್ನು ಬಯ್ಯುತ್ತಾಳೆಂದುಕೊಂಡಿದ್ದೆ. ಅವಳು ಸುಣ್ಣದ ಗೆರೆ ನೋಡುತ್ತಿದ್ದಳು.

“ಅದ್ಯಾಕೆ ಎಳೆದ್ರಿ ಅಕ್ಕೋರೇ ಸುಣ್ಣದಾಗೆ? ನಮ್ಮೂರಲ್ಲಿ ಸರ್ವೆಯೋರು ಗೋಡೆ ಮೇಲೆ, ಮರದ ಮೇಲೆ ಹಿಂಗೇ ಎಳೆದಿದ್ರು. ಗೆರೆಯಿಂದ ಕೆಳಗಿರೋದೆಲ್ಲ ನೀರಿಗೆ ಅಂತ. ನಾವು ಗೆರೆಯಿಂದ ಮೇಲಕ್ಕೆ ಸಾಮಾನು ಎಳೀತಿದ್ರೆ ಇವ್ಳೂ ಎಳೀತಿದ್ಲು.”

ಹಿಂದೆ ಹೆಡ್‌ಮಾಸ್ಟರು ಪಂಚೆ ಕೊಡವುತ್ತ ಎದ್ದು ನಿಂತಿದ್ದರು. ಇನ್ನು ಅವರು ಹೊರಟರೆ ತೀರ್ಮಾನ ಆದಂತೆಯೇ.

“ಸಾರ್,” ಎಂದೆ. ಎರಡನೆಯ ಸಲ ಸ್ವಲ್ಪ ಗಟ್ಟಿಯಾಯಿತು. “ಸಾರ್, ಆಟ ತಪ್ಪಾಯ್ತು. ಮಗೂದಲ್ಲ, ಆಟದ್ದು. ಇನ್ನೊಂದು ಆಡಿಸ್ತೀನಿ, ನೋಡಿ ಹೋಗಿ.”

“ಇನ್ನೇನು ನೋಡೋದಮ್ಮ?”

“ಅವಳು ಹೇಳಿದ ಮಾತು ಕೇಳ್ತಾಳೋ ಇಲ್ವೋ ಅಂತ. ನೀವು ನೋಡೋಕೆ ಬಂದಿದ್ದು ಅದನ್ನೇ ಅಲ್ವಾ?”

ಅವರು ನನ್ನನ್ನು ಮೊದಲ ಸಲ ಕಂಡವರಂತೆ ನೋಡಿದರು. ಆಮೇಲೆ, ಒದ್ದೆ ಪಂಚೆಯನ್ನು ಮೊಣಕಾಲಿನಿಂದ ಬಿಡಿಸಿಕೊಳ್ಳುತ್ತ, ಕುರ್ಚಿಯ ತುದಿಯಲ್ಲಿ ಕುಳಿತರು.

ಶಿಶುವಿಹಾರದ ಜಗಲಿ ಒಂದು ಗೇಣಷ್ಟೇ ಎತ್ತರ. ಮಕ್ಕಳನ್ನೆಲ್ಲ ಅದರ ಮೇಲೆ ನಿಲ್ಲಿಸಿದೆ. ದುರ್ಗಿಯನ್ನೂ ನಿಲ್ಲಿಸಿದೆ. “ಇವತ್ತು ಕೆರೆ ಇಲ್ಲ,” ಎಂದೆ. “ಅಂಗಳ ಅಂದ್ರೆ ಕೆಳಗೆ, ಜಗಲಿ ಅಂದ್ರೆ ಮೇಲೆ. ಬೇರೆ ಏನು ಕೂಗಿದ್ರೂ ಅಲುಗಬಾರದು. ಅಂಗಳ.”

ಎಲ್ಲರೂ ಹಾರಿದರು. ದುರ್ಗಿ ಸುಮ್ಮನೆ ನಿಂತಳು. ಕೆಳಗೆ ನೋಡಿದಳು. ಜಗಲಿಯ ಬುಡದಲ್ಲಿ ಗೆರೆ ಇರಲಿಲ್ಲ. ಉಳಿದವರೆಲ್ಲ ಇಳಿದಾದ ಮೇಲೆ, ತೀರ ತಡವಾಗಿ, ಕಾಲು ಇಳಿಬಿಟ್ಟು ಇಳಿದಳು. ಹೆಡ್‌ಮಾಸ್ಟರು ಏನೋ ಹೇಳಲು ಬಾಯಿ ತೆರೆದರು. ನಾನು ಕಾಯದೆ, “ಜಗಳ,” ಎಂದೆ.

ಮೂರು ಮಕ್ಕಳು ಜಗಲಿ ಹತ್ತಿಬಿಟ್ಟವು. ಉಳಿದವು ಬಿದ್ದು ಬಿದ್ದು ನಕ್ಕವು. “ಅಕ್ಕೋರು ಮೋಸ, ಅಕ್ಕೋರು ಮೋಸ,” ಎಂದು ಅನ್ನಪೂರ್ಣೆ ಅಳು ಮರೆತು ಕೂಗಿದಳು. ದುರ್ಗಿ ಅಲುಗಿರಲಿಲ್ಲ. ಜಗಲಿ ಎಂದೆ, ಹತ್ತಿದಳು. ಅಂಗಡಿ ಎಂದೆ, ನಿಂತಳು. ಅಂಗಳ ಎಂದೆ. ಈ ಸಲ ಹಾರಿದಳು.

“ನೀವು ಕೂಗೋದು ಆ ಕಂಬಕ್ಕೂ ಕೇಳ್ಸಲ್ಲ,” ಎಂದು ಹೆಡ್‌ಮಾಸ್ಟರು ಎದ್ದರು. “ನಾನು ಕೂಗ್ತೀನಿ. ನಿಮ್ಮ ಮುಖ ನೋಡ್ಕೊಂಡು ಹಾರೋದು ಬೇಡ.”

ಅವರು ಕೂಗಿದ ಮೊದಲ ಮಾತಿಗೇ ದುರ್ಗಿಯ ಭುಜ ಮೇಲೆದ್ದಿತು. ಲಂಗದ ಅಂಚು ಬಾಯಿಗೆ ಹೋಯಿತು. ಆದರೂ ಹಾರಿದಳು. ಅಂಗಳ, ಜಗಲಿ, ಜಗಲಿ, ಅಂಗಳ. ಅವರು ಬರಬರುತ್ತ ಬೇಗ ಬೇಗ ಕೂಗತೊಡಗಿದರು. ಒಬ್ಬೊಬ್ಬರಾಗಿ ಮಕ್ಕಳು ಹೊರಗಾದರು. ಕೊನೆಗೆ ಜಗಲಿಯ ಮೇಲೆ ಉಳಿದವರು ಅನ್ನಪೂರ್ಣೆ, ಅಂಚೆಯವರ ಮಗ, ದುರ್ಗಿ. ಬೇಲಿಯಾಚೆ ಗುತ್ಯಮ್ಮ ಗೂಟ ಹಿಡಿದುಕೊಂಡಿದ್ದಳು.

ಹೆಡ್‌ಮಾಸ್ಟರು ಕೈ ಎತ್ತಿ, “ಕೆರೆ,” ಎಂದು ಗುಡುಗಿದರು.

ಎಷ್ಟು ವರ್ಷಗಳ ಅಭ್ಯಾಸವೋ ಅವರದು. ಉಳಿದಿಬ್ಬರು ದೊಪ್ಪನೆ ಕೆಳಗೆ ಹಾರಿದರು. ದುರ್ಗಿ ಜಗಲಿಯ ಮೇಲೆ ಕಾಲಬೆರಳು ಬಿಗಿಯಾಗಿ ಊರಿಕೊಂಡು ಒಬ್ಬಳೇ ನಿಂತಿದ್ದಳು.

“ನೋಡಿ, ಮತ್ತೆ ನಿಂತ್ಲು,” ಎಂದರು ಹೆಡ್‌ಮಾಸ್ಟರು.

ಅವಳು ಹೆದರಿ ನಿಂತಳೋ, ಆಟ ತಿಳಿದು ನಿಂತಳೋ, ನನಗೂ ಗೊತ್ತಿರಲಿಲ್ಲ. ಏನಾದರೂ ಹೇಳಬೇಕೆಂದು ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ದುರ್ಗಿ ಬಾಯಿಂದ ಲಂಗದ ಅಂಚು ತೆಗೆದಳು.

“ಮೇಷ್ಟ್ರು ಔಟು,” ಎಂದಳು.

ಒರಟು ದನಿ, ತುಂಬ ದಿನ ಮುಚ್ಚಿಟ್ಟ ಡಬ್ಬಿಯ ಮುಚ್ಚಳದ ಹಾಗೆ. ಕೆಳಗಿದ್ದ ಅಂಚೆಯವರ ಮಗ, “ಹೌದು, ಇವತ್ತು ಕೆರೆ ಇಲ್ಲ ಅಂದಿದ್ರು ಅಕ್ಕೋರು,” ಎಂದ. ಮಕ್ಕಳೆಲ್ಲ ಮೇಷ್ಟ್ರು ಔಟು, ಮೇಷ್ಟ್ರು ಔಟು ಎಂದು ಕುಣಿಯತೊಡಗಿದವು. ಹೆಡ್‌ಮಾಸ್ಟರು ಶಾಂತಮ್ಮನವರನ್ನು ನೋಡಿದರು. ಶಾಂತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬೇರೆ ಕಡೆ ನೋಡುತ್ತಿದ್ದರು.

“ಔಟೇ,” ಎಂದರು ಹೆಡ್‌ಮಾಸ್ಟರು ಕೊನೆಗೆ, ತಮ್ಮಷ್ಟಕ್ಕೆ. ಬೇಲಿಯ ಕಡೆ ತಿರುಗಿ, “ಏನಮ್ಮ, ಸ್ಕೂಲ್ ಶುರುವಾದ ದಿನ ಕರ್ಕೊಂಡು ಬಾ. ತಡ ಮಾಡ್ಬೇಡ. ಬಾಯಿ ಜೋರಿದೆ ಇದಕ್ಕೆ,” ಎಂದರು.

ಗೆದ್ದವರಿಗೆ ಹೊಸ ಸ್ಲೇಟು ಬಹುಮಾನ. ಹೆಡ್‌ಮಾಸ್ಟರು ಕುರ್ಚಿಯ ಬಳಿ ಹೋಗಿ ಅದನ್ನು ಹಿಡಿದು ದುರ್ಗಿಯನ್ನು ಕರೆದರು. ಅವಳು ಜಗಲಿ ಇಳಿದು ಬಂದು ಸುಣ್ಣದ ಗೆರೆಯ ಈಚೆ ನಿಂತುಬಿಟ್ಟಳು. ಅವರು ಇನ್ನೊಮ್ಮೆ ಕರೆದರು. ಅವಳು ಬರುವುದಿಲ್ಲವೆಂದು ತಲೆಯಾಡಿಸಿದಳು.

ಕಾಲಿನಿಂದ ಗೆರೆ ಅಳಿಸಿಬಿಡೋಣ ಎಂದು ನಾನು ಹೊರಟೆ. ಅಷ್ಟರಲ್ಲಿ ಹೆಡ್‌ಮಾಸ್ಟರೇ ಪಂಚೆ ಎತ್ತಿ ಹಿಡಿದು, ಹಳ್ಳ ದಾಟುವವರ ಹಾಗೆ, ಗೆರೆ ದಾಟಿ ಈಚೆ ಬಂದರು. ಸ್ಲೇಟು ಕೊಟ್ಟರು. ದುರ್ಗಿ ಅದನ್ನು ಕಂಕುಳಲ್ಲಿಟ್ಟುಕೊಂಡು, ಬಗ್ಗಿ, ಪಾನಕ ಚೆಲ್ಲಿದ್ದ ಅವರ ಪಂಚೆಯನ್ನು ಮುಟ್ಟಿ ನೋಡಿದಳು.

“ಒದ್ದೆ,” ಎಂದಳು ನನಗೆ.