ಮೇಲೆದ್ದ ಕೊಳ

ದಂತವೈದ್ಯರ ಮನೆಯ ಈಜುಕೊಳವನ್ನು ಹದಿನಾಲ್ಕು ವರ್ಷ ನೋಡಿಕೊಂಡವನು ಏಣಿಯಿಂದ ಜಾರಿ ಕಾಲು ಮುರಿದುಕೊಂಡ. ಎರಡು ತಿಂಗಳು ಹಾಸಿಗೆ ಎಂದಾಯಿತು.

"ನನ್ನ ತಮ್ಮ ಸುಮ್ನೆ ಕೂತಿದ್ದಾನಲ್ಲ, ಅವನನ್ನೇ ಕಳಿಸಿ," ಎಂದಳು ಹೆಂಡತಿ.

ಭಾವಮೈದುನನಿಗೆ ಮೂವತ್ತು ದಾಟಿತ್ತು, ಒಂದು ಕೆಲಸವೂ ಕೈಹತ್ತಿರಲಿಲ್ಲ. ಕೊಳದವನು ಮಂಚದ ಮೇಲಿಂದಲೇ ಅವನಿಗೆ ಪಾಠ ಹೇಳಿದ. ನೀರು ಹಳತಾಗಿ ಗಡುಸಾಗಿದೆ, ಕಾಲುಭಾಗ ಮಾತ್ರ ಬದಲಿಸು. ಅದಕ್ಕೆ ಮೊದಲು ನಾಲ್ಕು ದಿನ ಕ್ಲೋರಿನ್ ನಿಲ್ಲಿಸು, ಇಲ್ಲದಿದ್ದರೆ ಹೊರಬಿಟ್ಟ ನೀರಿಗೆ ಗಿಡಗಳೆಲ್ಲ ಸುಟ್ಟುಹೋಗುತ್ತವೆ. ಹೊಸ ನೀರು ತುಂಬಿದ ಮೇಲೆ ಮೊದಲು ಕ್ಷಾರ, ಆಮೇಲೆ ಆಮ್ಲ, ಕೊನೆಗೆ ಕ್ಲೋರಿನ್ ಸರಿಮಾಡು.

"ಇನ್ನೊಂದು ಮಾತು. ವಾರದಿಂದ ಮಳೆ ಹೊಡೀತಿದೆ, ನೆಲದೊಳಗೆಲ್ಲ ನೀರು ನಿಂತಿದೆ. ಒಳಗಿನ ನೀರಿನ ಭಾರಕ್ಕೇ ಕೊಳ ಅಲುಗಾಡದೆ ಕೂತಿರೋದು. ಪೂರ್ತಿ ಖಾಲಿ ಮಾಡಿದ್ಯೋ, ಕೆಳಗಿನ ನೀರು ಅದನ್ನ ಎತ್ತಿಬಿಡತ್ತೆ."

"ಅಷ್ಟು ದೊಡ್ಡ ಕಾಂಕ್ರೀಟನ್ನಾ? ನನ್ನ ಕಿವಿ ಮೇಲೆ ಹೂ ಇಡಬೇಡಿ ಭಾವ."

ಶುಕ್ರವಾರ ದಂತವೈದ್ಯರ ಹೆಂಡತಿ ಕೊಳದ ಹತ್ತಿರ ಬಂದು, ಕ್ಲೋರಿನ್ ಇಲ್ಲದೆ ಹಸಿರುಗಟ್ಟಿದ್ದ ನೀರು ನೋಡಿ ಮೂಗು ಮುರಿದರು. ಭಾನುವಾರ ಮಗಳ ಗೆಳತಿಯರು ಈಜಲು ಬರುವವರಿದ್ದರು. "ಪೂರ್ತಿ ಖಾಲಿ ಮಾಡಿ ತಳ ಉಜ್ಜಿಬಿಡಪ್ಪ."

"ಅದೇನು ಮಹಾ ಅಮ್ಮಾ," ಎಂದು ಅವನು ಪಂಪು ಹಾಕಿದ.

ಮಧ್ಯಾಹ್ನ ಮೂರರ ಹೊತ್ತಿಗೆ ತಳದಲ್ಲಿ ಮೊಣಕಾಲುದ್ದ ನೀರೂ ಉಳಿದಿರಲಿಲ್ಲ. ಪಟಾಕಿ ಸಿಡಿದಂತೆ ಸದ್ದಾಯಿತು. ಕೊಳದ ಆಳದ ತುದಿ ಗೇಣುದ್ದ ಮೇಲೆದ್ದು ನಿಂತಿತು. ನೀಲಿ ಟೈಲುಗಳು ಸಾಲುಸಾಲಾಗಿ ಉದುರಿದವು, ಪೈಪುಗಳು ಮುರಿದವು, ಸುತ್ತಲಿನ ಕಲ್ಲುಹಾಸು ಬಾಯಿಬಿಟ್ಟಿತು.

ಕ್ಲಿನಿಕ್ಕಿನಿಂದ ಓಡಿಬಂದ ದಂತವೈದ್ಯರು ಕೂಗಾಡಿದರು. "ಖಾಲಿ ಮಾಡು ಅಂತ ಯಾರೋ ಹೇಳಿದ್ದು?"

ಅವರ ಹೆಂಡತಿ ಉದುರಿದ ಟೈಲುಗಳ ಕಡೆ ಮುಖ ತಿರುಗಿಸಿಕೊಂಡರು. ಅದನ್ನು ನೋಡಿದ ಭಾವಮೈದುನ ತಲೆ ತಗ್ಗಿಸಿದ. "ಭಾವ ಹೇಳಿದ್ರು ಸಾರ್. ಫೋನಲ್ಲಿ."

ದಂತವೈದ್ಯರು ಕೊಳದವನಿಗೆ ಫೋನು ಮಾಡುವ ಮೊದಲೇ ಅವನು ಅಕ್ಕನಿಗೆ ಎಲ್ಲ ತಿಳಿಸಿದ್ದ. ಅವಳು ಮಂಚದ ಪಕ್ಕ ಬಂದು ಕೂತಳು. "ಹೂಂ ಅಂದುಬಿಡಿ. ಅವನಿಗೆ ಈಗಷ್ಟೇ ಒಂದು ದಾರಿ ಸಿಕ್ಕಿದೆ, ಮಗು ಚಿಕ್ಕದು. ನಿಮಗೇನು, ಹೆಸರಿದೆ, ಹತ್ತು ಮನೆಯವರು ಕರೀತಾರೆ."

"ಆ ಹೆಸರನ್ನೇ ಕೇಳ್ತಿದ್ದೀಯಲ್ಲೇ."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಹೆಂಡತಿ ಕೈಮುಗಿದಳು. ಇಪ್ಪತ್ತು ವರ್ಷದಲ್ಲಿ ಅವಳು ಅವನಿಗೆ ಕೈಮುಗಿದದ್ದು ಅದೇ ಮೊದಲು.

"ಹೌದು ಸಾರ್. ನಾನೇ ಹೇಳಿದ್ದೆ."

ದಂತವೈದ್ಯರು ಆ ಕಡೆಯಿಂದ ಹೇಳಿದರು, "ನಿನ್ನನ್ನ ಕಣ್ಣುಮುಚ್ಚಿ ನಂಬಿದ್ದೆನಲ್ಲೋ. ನಿನಗಿಂತ ನಿನ್ನ ಭಾವಮೈದುನನೇ ವಾಸಿ, ಇದ್ದದ್ದನ್ನ ಇದ್ದ ಹಾಗೆ ಹೇಳ್ದ."

ಸುದ್ದಿ ಬೀದಿಯಿಡೀ ಹರಡಿತು. ಅವನು ಕೊಳ ನೋಡಿಕೊಳ್ಳುತ್ತಿದ್ದ ಬೇರೆ ಮನೆಯವರೂ ಒಬ್ಬೊಬ್ಬರಾಗಿ ಬರಬೇಡ ಎಂದರು. ಕೊಳದವನ ಕಾಲಿನ ಕಟ್ಟು ಬಿಚ್ಚುವಷ್ಟರಲ್ಲಿ ಅವುಗಳಲ್ಲಿ ಮೂರು ಮನೆಗಳು ಭಾವಮೈದುನನ ಪಾಲಾಗಿದ್ದವು.

ಆಮೇಲೊಂದು ದಿನ ಭಾವಮೈದುನ ಹೆಂಡತಿ ಮಗುವನ್ನು ಕರೆದುಕೊಂಡು ಅಕ್ಕನ ಮನೆಗೆ ಬಂದ. ಕೊಳದವನು ಎದ್ದು ಕುಂಟುತ್ತಾ ಹಿಂದಿನ ಕೋಣೆಗೆ ಹೋಗಿ ಕೂತ. ಅವನ ಹೆಂಡತಿ ಕೋಣೆಯ ಬಾಗಿಲಿಗೆ ಬಂದಳು. "ನನ್ನ ತಮ್ಮನ ಹತ್ರ ಒಂದು ಮಾತಾದ್ರೂ ಆಡಬಾರ್ದಾ?"

"ನಾನು ಆಡೋ ಮಾತೆಲ್ಲ ಅವನ ಬಾಯಲ್ಲೇ ಇದೆಯಲ್ಲ," ಎಂದ ಅವನು. "ಅವನೇ ಆಡಿಕೊಳ್ಳಲಿ."