ಶಂಕ್ರೆವ್ವನ ತೆಳ್ಳನೆಯ ಚಾರ್ಜರ್

ಪಕ್ಕದ ಮನೆಯ ಮಧುಮತಿಗೆ ಹೊಸ ಫೋನ್ ಬಂದಾಗಿನಿಂದ ಶಂಕ್ರೆವ್ವನಿಗೆ ಊಟ ರುಚಿಸುತ್ತಿರಲಿಲ್ಲ. ಫೋನಿಗಿಂತ ಅದರ ಚಾರ್ಜರ್ ಅವಳ ಕಣ್ಣು ಕುಕ್ಕಿತ್ತು. ಕೋಗಿಲಬನದ ಆ ಓಣಿಯಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಹಳಿಯಾಳದ ಸಂತೆಗೆ ಹೋದವಳು ಅದೇ ಬಣ್ಣದ, ಅದಕ್ಕಿಂತ ತೆಳ್ಳನೆಯದೊಂದು ತಂದಳು. ಅದರ ಮೇಲೆ ಹೆಸರಿಲ್ಲ, ಗುರುತಿಲ್ಲ.

“ಒಳ್ಳೆ ರೊಟ್ಟಿ ಬಡದಂಗ ಐತಿ, ಎಷ್ಟ ತೆಳ್ಳಗ,” ಎಂದು ಮಧುಮತಿಗೆ ಕೇಳುವಂತೆ ಹೇಳಿದಳು.

ಸ್ವಲ್ಪ ದಿನಕ್ಕೆ, ಅದರಲ್ಲಿ ಚಾರ್ಜಿಗೆ ಹಾಕಿದ ತನ್ನ ಫೋನ್ ಮುಟ್ಟಿದರೆ ಅವಳ ಕೈ ಜುಂ ಎನ್ನತೊಡಗಿತು. “ಆಕಿ ಕಣ್ಣ ಬಿದ್ದೈತಿ,” ಎಂದು ಶಂಕ್ರೆವ್ವ ಚಾರ್ಜರಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು.

ಮಧುಮತಿಯ ಸೊಸೆ ಜ್ಯೋತಿ ದಾಂಡೇಲಿಯಲ್ಲಿ ಫೋನ್ ರಿಪೇರಿ ಕಲಿತವಳು. ಕಿಟಕಿಯಿಂದ ಲಿಂಬೆಹಣ್ಣು ಕಂಡು ಒಳಗೆ ಬಂದು, ಯಾಕೆಂದು ಕೇಳಿ ತಿಳಿದಳು.

“ಶಂಕ್ರೆವ್ವತ್ತಿ, ಜುಂ ಅನ್ನೂ ಚಾರ್ಜರ್ ಬಳಸಬ್ಯಾಡ್ರಿ. ಒಳಗ ಕರೆಂಟ್ ತಡಿಯೂ ಪದರ ತೆಳ್ಳಗಿದ್ದೀತು.”

“ನಿಮ್ಮತ್ತಿ ಕಳಿಸ್ಯಾಳೇನ? ನಮ್ಮದು ಚಂದ ಐತಂತ ಹೊಟ್ಟಿಕಿಚ್ಚ ನಿಮಗ,” ಎನ್ನುತ್ತ ಶಂಕ್ರೆವ್ವ ಸಾರಿನ ಪಾತ್ರೆ ಇಳಿಸಲು ಅರಿವೆ ಮಡಚಿದಳು.

“ಅರಿವಿ ಯಾಕ ಮಡಚಿದ್ರಿ?”

“ಒಂದ ಪದರ ಹಿಡದರ ಕೈ ಸುಡೂದಿಲ್ಲೇನ?”

“ನಾ ಹೇಳೂದೂ ಅದನ್ನ ರೀ. ಗ್ವಾಡಿ ಪ್ಲಗ್ಗಿನ ಕರೆಂಟ್ ಒಂದ ಕಡೆ, ಫೋನ್ ಒಂದ ಕಡೆ. ನಡುವ ಹುಣಸಿ ಬೀಜದಷ್ಟ ಒಂದ ಕರಿ ಸಾಮಾನು ಇರತೈತಿ, ಐಸೊಲೇಟರ್ ಅಂತಾರ. ಅದು ಫೋನಿಗೆ ಎಷ್ಟ ಬೇಕನ್ನೂ ಸುದ್ದಿ ದಾಟಸಬೇಕು, ಗ್ವಾಡಿ ಕರೆಂಟ್ ದಾಟಸಬಾರದು. ಒಳಗಿನ ಪದರ ದಪ್ಪಿದ್ದರ ತಡಕೋತೈತಿ. ತೆಳ್ಳಗಿದ್ದರ ಸಿಡ್ಲು ಬಡದು ಕರೆಂಟ್ ಏರಿದಾಗ ತೂತು ಬೀಳತೈತಿ. ಆಮ್ಯಾಲೆ ಗ್ವಾಡಿ ಕರೆಂಟ್ ಸೀದಾ ವಾಯರಿಗೆ.”

ಶಂಕ್ರೆವ್ವ ಮೂತಿ ತಿರುವಿದಳು. ತಿರುವಿದ ಕಡೆ ಅಂಬೆಗಾಲಿಡುವ ಮೊಮ್ಮಗಳು ಸುಮಿತಾ ಚಾರ್ಜರ್ ವಾಯರಿನ ತುದಿ ಬಾಯಿಗೆ ಒಯ್ಯುತ್ತಿದ್ದಳು. ಜ್ಯೋತಿ ಓಡಿ ಮೊದಲು ಸ್ವಿಚ್ ಆರಿಸಿದಳು. ಶಂಕ್ರೆವ್ವ ಕೂಸನ್ನು ಎತ್ತಿಕೊಂಡು ಚಾರ್ಜರನ್ನು ಲಿಂಬೆಹಣ್ಣಿನ ಸಮೇತ ಕಿತ್ತಳು.

“ಹಂಗಾರ ದಪ್ಪಂದು ತರಲೇನ?”

“ಹೊರಗಿನ ದಪ್ಪ ಅಲ್ಲರಿ. ಒಳಗಿಂದು ನಮ್ಮ ಕಣ್ಣಿಗೆ ಕಾಣೂದಿಲ್ಲ. ಸರಕಾರದ ಬಿಐಎಸ್ ಗುರುತು, ಅದರ ಜೋಡಿ ‘ಆರ್’ ಅಕ್ಷರದಿಂದ ಸುರುವಾಗೂ ನಂಬರ್ ನೋಡ್ರಿ. ಬಿಐಎಸ್ ಕೇರ್ ಆ್ಯಪಿನಾಗ ಅದನ್ನ ಹಾಕಿದರ ಖರೆನೋ ಖೊಟ್ಟಿನೋ ತಿಳಿತೈತಿ.”

ಮರುದಿನ ಶಂಕ್ರೆವ್ವ ದಾಂಡೇಲಿಯಿಂದ ಗುರುತಿದ್ದ ಚಾರ್ಜರ್ ತಂದಳು. ಮನೆಗೂ ಹೋಗದೆ ಮಧುಮತಿಯ ಬಾಗಿಲಲ್ಲಿ ನಿಂತಳು.

“ನಿನ್ನ ಚಾರ್ಜರಿನ ನಂಬರ್ ತೋರಸ ನೋಡೂಣು.”

ಇರಲಿಕ್ಕಿಲ್ಲ ಎಂದು ಅವಳ ಆಸೆ. ಇತ್ತು.

“ಇರಲಿ ಬಿಡ. ನಮ್ಮದಕ್ಕೂ ಐತಿ,” ಎಂದು ಹೊರಟಳು.

ಅಕ್ಕತಂಗಿಯರೇ, ನೆರೆಮನೆಯ ವಸ್ತು ಕಂಡು ಹೊಟ್ಟೆ ಉರಿಯುವುದು ಎಲ್ಲ ಓಣಿಯಲ್ಲೂ ಇದ್ದದ್ದೇ. ಚಾರ್ಜರ್ ಕೊಳ್ಳುವಾಗ ಮಾತ್ರ ಬಣ್ಣ ಬಿಟ್ಟು ಗುರುತು ನೋಡಿ. ಜುಂ ಎಂದರೆ ಸ್ವಿಚ್ ಆರಿಸಿ ಕಿತ್ತಿಡಿ, ತಿಳಿದವರಿಗೆ ತೋರಿಸಿ. ಇವತ್ತೇ ನಿಮ್ಮ ಮನೆಯ ಚಾರ್ಜರ್ ತಿರುಗಿಸಿ ನೋಡಿ. ಲಿಂಬೆಹಣ್ಣು ಕರೆಂಟ್ ತಡೆಯುವುದಿಲ್ಲ.